ಮೊದಲ ಸಲ ಫ್ರೀ ಟು ಏರ್ ಡಿಶ್ ಹಾಕ್ತಿದೀರಾ? ಬಾಕ್ಸ್ ತಗೊಳ್ಳೋಕ್ ಮುಂಚೆ ಆಕಾಶ ನೋಡಿ

ತಿಂಗಳ ತಿಂಗಳ ದುಡ್ಡು ಕಟ್ಟದೆ ಸ್ಯಾಟಲೈಟ್ ಟಿವಿ ನೋಡ್ಬೋದು ಅಂತ ಗೊತ್ತಾದ ತಕ್ಷಣ ಎಲ್ರೂ ಕೇಳೋ ಮೊದಲ ಪ್ರಶ್ನೆ, ಯಾವ ಬಾಕ್ಸ್ ಚೆನ್ನಾಗಿದೆ? ನನ್ನ ಹತ್ರ ಬಂದು ಕೇಳೋರೂ ಇದನ್ನೇ ಕೇಳೋದು. ನಾನು ತಿರುಗಿ ಮೂರು ಕೇಳ್ತೀನಿ, ನಿಮಗೆ ಯಾವ ಚಾನೆಲ್ ಬೇಕು, ಅದು ಯಾವ ಸ್ಯಾಟಲೈಟ್‌ನಲ್ಲಿದೆ, ಆ ಸ್ಯಾಟಲೈಟ್ ನಿಮ್ಮನೆ ಜಾಗದಿಂದ ಕಾಣತ್ತಾ. ಈ ಮೂರಕ್ಕೆ ಉತ್ತರ ಸಿಕ್ಕಿದ್ರೆ ಡಿಶ್ ಎಷ್ಟು ದೊಡ್ಡದು, ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕೂತು ಸಿಗ್ನಲ್ ತಗೊಂಡು ಕೇಬಲ್‌ಗೆ ಕೊಡೋ ಪುಟ್ಟ ಡಬ್ಬಿ) ಯಾವ್ದು, ಬಾಕ್ಸ್ ಯಾವ್ದು ಅನ್ನೋದೆಲ್ಲ ತಾನಾಗೇ ಬರತ್ತೆ. ಉಲ್ಟಾ ಹೋದ್ರೆ, ಅಂದ್ರೆ ಮೊದ್ಲು ಬಾಕ್ಸ್ ತಂದು ಆಮೇಲೆ ಇದಕ್ಕೇನು ಬರತ್ತೆ ಅಂತ ನೋಡಿದ್ರೆ, ಒಂದಲ್ಲ ಒಂದು ಸಾಮಾನು ಮೂಲೆ ಸೇರತ್ತೆ. ನಾನೂ ಮೊದಲ ಸಲ ಹಂಗೇ ಮಾಡಿದ್ದೆ, ತಂದ ಡಿಶ್ಶು ನನಗೆ ಬೇಕಿದ್ದ ಸ್ಯಾಟಲೈಟ್‌ಗೆ ಚಿಕ್ಕದಾಯ್ತು, ಮೋಡ ಕವಿದ್ರೆ ಸಾಕು ಚಿತ್ರ ಚೌಕಚೌಕವಾಗಿ ಒಡೆಯೋದು, ಕೊನೆಗೆ ಇನ್ನೊಂದು ಡಿಶ್ ತರ್ಬೇಕಾಯ್ತು. ಅದಕ್ಕೇ ಇಷ್ಟುದ್ದ ಬರೀತಿದೀನಿ, ಪೂರ್ತಿ ಓದಿ ಆಮೇಲೆ ಅಂಗಡಿಗೆ ಹೋಗಿ.

ಫ್ರೀ ಅಂದ್ರೆ ಎಲ್ಲಾ ಫ್ರೀ ಅಲ್ಲ

ಫ್ರೀ ಟು ಏರ್ ಅಂದ್ರೆ ಚಾನೆಲ್‌ನವ್ರು ಸಿಗ್ನಲ್‌ಗೆ ಬೀಗ ಹಾಕದೆ ಬಿಟ್ಟಿರ್ತಾರೆ ಅಂತ, ಅಂದ್ರೆ ಎನ್‌ಕ್ರಿಪ್ಷನ್ ಇರಲ್ಲ, ಕಾರ್ಡ್ ಬೇಡ, ರಿಜಿಸ್ಟರ್ ಬೇಡ, ಸರಿಯಾದ ಡಿಶ್ ಮತ್ತು ರಿಸೀವರ್ ಇರೋ ಯಾರ್ ಬೇಕಾದ್ರೂ ನೋಡ್ಬೋದು. ಇದ್ರ ಪಕ್ಕದಲ್ಲೇ ಇನ್ನೊಂದು ಜಾತಿ ಇದೆ, ದುಡ್ಡು ಕೇಳಲ್ಲ ಆದ್ರೆ ಬೀಗ ಇರತ್ತೆ, ಅವರದ್ದೇ ಕಾರ್ಡ್ ಇಲ್ಲಾ ಅವರದ್ದೇ ಬಾಕ್ಸ್ ಬೇಕು. ಅದು ಮಾಮೂಲಿ ಬಾಕ್ಸ್‌ನಲ್ಲಿ ಬರಲ್ಲ. ಒಂದೇ ಸ್ಯಾಟಲೈಟ್‌ನಲ್ಲಿ ಈ ಎಲ್ಲಾ ಥರದ್ದೂ ಒಟ್ಟಿಗೆ ಇರ್ತಾವೆ, ಆದ್ರಿಂದ ಈ ಸ್ಯಾಟಲೈಟ್‌ನಲ್ಲಿ ಅಷ್ಟು ಚಾನೆಲ್ ಇದೆ ಅನ್ನೋ ಲೆಕ್ಕ ಕೇಳಿ ಖುಷಿ ಪಡ್ಬೇಡಿ, ಅದ್ರಲ್ಲಿ ಬೀಗ ಇಲ್ಲದ್ದು ಎಷ್ಟು ಅಂತ ನೋಡಿ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಈ ಬಾಕ್ಸ್ ತಗೊಳ್ಳಿ, ಇಂಟರ್ನೆಟ್‌ಗೆ ಹಾಕಿದ್ರೆ ಪೇ ಚಾನೆಲ್ಲೂ ಬಿಚ್ಕೊಳತ್ತೆ ಅಂತ ಹೇಳಿ ಮಾರೋರು ಇದಾರೆ. ಯಾರೋ ಒಬ್ರ ಕಾರ್ಡನ್ನ ಸರ್ವರ್ ಮೂಲಕ ಸಾವಿರ ಜನಕ್ಕೆ ಹಂಚೋ ಕೆಲಸ ಅದು, ಕಳ್ಳತನ ಅಷ್ಟೇ, ಆ ಸರ್ವರ್ ಇವತ್ತಿದ್ರೆ ನಾಳೆ ಇರಲ್ಲ. ದಯವಿಟ್ಟು ಅದ್ರ ಹಿಂದೆ ಹೋಗ್ಬೇಡಿ, ನಿಜವಾದ ಫ್ರೀ ಚಾನೆಲ್‌ಗಳೇ ಬೇಕಾದಷ್ಟಿವೆ.

ಯಾವ ಥರ ಇರ್ತಾವೆ ಅಂತ ಅಂದಾಜಿಗೆ ಒಂದೆರಡು ಹೇಳ್ತೀನಿ. ಯೂರೋಪ್ ಮೇಲೆ 19.2 ಡಿಗ್ರಿ ಪೂರ್ವದಲ್ಲಿ ಆಸ್ಟ್ರಾ ಇದೆ, ಜರ್ಮನಿಯ ಎಆರ್‌ಡಿ, ಜೆಡ್‌ಡಿಎಫ್ ಥರದ ಸಾರ್ವಜನಿಕ ಚಾನೆಲ್‌ಗಳು ಎಚ್‌ಡಿಯಲ್ಲೇ ಬೀಗ ಇಲ್ದೆ ಬರ್ತಾವೆ. 13 ಡಿಗ್ರಿ ಪೂರ್ವದಲ್ಲಿ ಹಾಟ್‌ಬರ್ಡ್, 28.2ರಲ್ಲಿ ಬ್ರಿಟನ್ನಿನವು, ಅರಬ್ಬೀ ಚಾನೆಲ್‌ಗಳಿಗೆ 7 ಡಿಗ್ರಿ ಪಶ್ಚಿಮದ ನೈಲ್‌ಸ್ಯಾಟ್, ಭಾರತದ ಡಿಡಿ ಫ್ರೀ ಡಿಶ್ 93.5 ಡಿಗ್ರಿ ಪೂರ್ವದ ಜಿಸ್ಯಾಟ್ 15ರಲ್ಲಿ. ಈ ಡಿಗ್ರಿ ಅನ್ನೋದು ಸ್ಯಾಟಲೈಟಿನ ಮನೆ ನಂಬರ್ ಇದ್ದಂಗೆ, ಮುಂದೆ ಎಲ್ಲಾ ಕಡೆ ಬರತ್ತೆ, ನೆನಪಿಟ್ಕೊಳ್ಳಿ.

ಮೊದಲ ಹೆಜ್ಜೆ: ನಿಮ್ಮ ಸ್ಯಾಟಲೈಟ್ ಆರಿಸ್ಕೊಳ್ಳಿ

ಒಂದು ಪೇಪರ್ ತಗೊಂಡು ಮನೇಲಿ ಯಾರ್ಯಾರಿಗೆ ಏನೇನು ಬೇಕು ಅಂತ ಬರೀರಿ. ಭಾಷೆ, ಸುದ್ದಿ, ಮಕ್ಕಳದ್ದು, ಭಕ್ತಿ, ಸಿನಿಮಾ, ಆಟ. ಆಮೇಲೆ ಲಿಂಗ್‌ಸ್ಯಾಟ್ ಇಲ್ಲಾ ಕಿಂಗ್‌ಆಫ್‌ಸ್ಯಾಟ್ ಅನ್ನೋ ವೆಬ್‌ಸೈಟಿಗೆ ಹೋದ್ರೆ ಚಾನೆಲ್ ಹೆಸರು ಹಾಕಿ ಅದು ಯಾವ ಸ್ಯಾಟಲೈಟ್, ಯಾವ ಫ್ರೀಕ್ವೆನ್ಸಿ, ಬೀಗ ಇದೆಯಾ ಇಲ್ವಾ ಎಲ್ಲಾ ನೋಡ್ಬೋದು. ಒಂದು ಸ್ಯಾಟಲೈಟ್‌ನಲ್ಲೇ ನಿಮ್ಮ ಪಟ್ಟಿಯ ಮುಕ್ಕಾಲು ಪಾಲು ಸಿಕ್ಕಿದ್ರೆ ಅದನ್ನೇ ಹಿಡೀರಿ. ಮೊದಲ ಸಿಸ್ಟಮ್‌ಗೆ ಒಂದೇ ಸ್ಯಾಟಲೈಟ್ ಸಾಕು ಅನ್ನೋದು ನನ್ನ ಅಭಿಪ್ರಾಯ, ನಾಲ್ಕು ಸ್ಯಾಟಲೈಟ್ ಆಸೆ ಪಟ್ಟು ಯಾವ್ದೂ ನೆಟ್ಟಗೆ ಬರದೆ ಬೇಜಾರಾಗಿ ಬಿಟ್ಟವ್ರನ್ನ ನೋಡಿದೀನಿ.

ಆಮೇಲೆ ಫುಟ್‌ಪ್ರಿಂಟ್ ನೋಡ್ಬೇಕು. ಸ್ಯಾಟಲೈಟ್ ಭೂಮಿ ಪೂರ್ತಿಗೆ ಒಂದೇ ಸಮ ಸಿಗ್ನಲ್ ಚೆಲ್ಲಲ್ಲ, ಟಾರ್ಚ್ ಬೆಳಕಿನ ಥರ ಒಂದು ಪ್ರದೇಶಕ್ಕೆ ಬಿಡತ್ತೆ, ನಡುವೆ ಜೋರು, ಅಂಚಿಗೆ ಹೋದಂಗೆ ಮಂಕು. ಫುಟ್‌ಪ್ರಿಂಟ್ ಮ್ಯಾಪ್‌ನಲ್ಲಿ ಗೆರೆ ಗೆರೆ ಎಳೆದು ಪ್ರತಿ ಗೆರೆಗೆ ಡಿಬಿಡಬ್ಲ್ಯೂ ಅಂತ, ಅಲ್ಲಿ ಸಿಗ್ನಲ್ ಎಷ್ಟು ಜೋರು ಅನ್ನೋ ಒಂದು ನಂಬರ್ ಹಾಕಿರ್ತಾರೆ. ನಂಬರ್ ದೊಡ್ಡದಿದ್ದಷ್ಟು ಡಿಶ್ ಚಿಕ್ಕದು ಸಾಕು. ಕೆಯು ಬ್ಯಾಂಡ್‌ನಲ್ಲಿ (ಚಿಕ್ಕ ಡಿಶ್ಶಿಗೆ ಬರೋ ಫ್ರೀಕ್ವೆನ್ಸಿಗಳ ಗುಂಪು, ಮುಂದೆ ಹೇಳ್ತೀನಿ) 50 ಮೇಲಿದ್ರೆ ಸಾಮಾನ್ಯವಾಗಿ 60 ಸೆಂಟಿಮೀಟರ್ ಡಿಶ್ ಕೆಲಸ ಮಾಡತ್ತೆ, ಅಲ್ಲಿಂದ ಪ್ರತಿ 3 ಕಮ್ಮಿಯಾದಂಗೆ ಡಿಶ್ಶಿನ ಅಗಲ ಸುಮಾರು 1.4 ಪಟ್ಟು ಜಾಸ್ತಿ ಬೇಕು. ಒಂದೇ ಸ್ಯಾಟಲೈಟ್‌ನಲ್ಲೂ ಬೇರೆ ಬೇರೆ ಬೀಮ್ ಇರ್ತಾವೆ, ನಿಮ್ಮ ಚಾನೆಲ್ ಯಾವ ಬೀಮ್‌ನಲ್ಲಿದೆ ಅನ್ನೋದನ್ನೇ ನೋಡಿ, ಪಕ್ಕದ ಬೀಮ್ ಎಷ್ಟು ಜೋರಿದ್ರೂ ನಿಮಗೆ ಉಪಯೋಗ ಇಲ್ಲ.

ಎರಡನೇದು: ಮನೆಯಿಂದ ಕಾಣತ್ತಾ?

ಇದನ್ನ ಬಿಟ್ಟು ಮುಂದೆ ಹೋದವ್ರೇ ಜಾಸ್ತಿ, ಆದ್ರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ.

ಟಿವಿ ಸ್ಯಾಟಲೈಟ್‌ಗಳೆಲ್ಲ ಸಮಭಾಜಕ ರೇಖೆಯ ಮೇಲೆ ಸರಿಯಾಗಿ 35,786 ಕಿಲೋಮೀಟರ್ ಎತ್ತರದಲ್ಲಿ ಒಂದೇ ಸಾಲಲ್ಲಿ ಇರ್ತಾವೆ. ಆ ಎತ್ತರದಲ್ಲಿ ಒಂದು ಸುತ್ತು ಹಾಕೋಕೆ ಬೇಕಾಗೋ ಸಮಯ ಭೂಮಿ ತನ್ನ ಸುತ್ತ ಒಂದು ಸಲ ತಿರುಗೋ ಸಮಯಕ್ಕೆ ಸಮ, ಆದ್ರಿಂದ ನಮಗೆ ಅದು ಆಕಾಶದಲ್ಲಿ ಮೊಳೆ ಹೊಡೆದಂಗೆ ಒಂದೇ ಕಡೆ ನಿಂತಿರತ್ತೆ. ಆರ್ಥರ್ ಸಿ ಕ್ಲಾರ್ಕ್ 1945ರಲ್ಲೇ, ಇನ್ನೂ ಒಂದೂ ಸ್ಯಾಟಲೈಟ್ ಹಾರದೆ ಇದ್ದಾಗ, ಇಂಥ ಮೂರು ನಿಲ್ಸಿದ್ರೆ ಭೂಮಿಗೆಲ್ಲ ಪ್ರಸಾರ ಮಾಡ್ಬೋದು ಅಂತ ಬರೆದಿದ್ರು. ಆ ಸ್ಯಾಟಲೈಟ್ ನಿಂತಿರೋದ್ರಿಂದಾನೇ ನಮ್ಮ ಡಿಶ್ಶೂ ಒಂದು ಸಲ ಕೂರ್ಸಿ ಬಿಗಿ ಮಾಡಿದ್ರೆ ವರ್ಷಗಟ್ಲೆ ಹಂಗೇ ಇರತ್ತೆ.

ಸಮಭಾಜಕದ ಉತ್ತರಕ್ಕಿರೋರಿಗೆ ಸ್ಯಾಟಲೈಟ್‌ಗಳು ದಕ್ಷಿಣದ ಆಕಾಶದಲ್ಲಿ ಕಮಾನಿನ ಥರ, ದಕ್ಷಿಣಕ್ಕಿರೋರಿಗೆ ಉತ್ತರದ ಆಕಾಶದಲ್ಲಿ. ಸಮಭಾಜಕದ ಹತ್ತಿರ ಇದ್ರೆ ನೆತ್ತಿ ಮೇಲೆ, ದೂರ ಹೋದಷ್ಟು ಕೆಳಗೆ ದಿಗಂತದ ಕಡೆ. ನಿಮ್ಮ ಜಾಗಕ್ಕೆ ಎಷ್ಟು ಅಂತ ಡಿಶ್‌ಪಾಯಿಂಟರ್ ಥರದ ಸೈಟ್‌ನಲ್ಲಿ ಮನೆ ಜಾಗ ಹಾಕಿ ಸ್ಯಾಟಲೈಟ್ ಆರಿಸಿದ್ರೆ ಮೂರು ನಂಬರ್ ಕೊಡತ್ತೆ. ಅಜಿಮತ್ ಅಂದ್ರೆ ಯಾವ ದಿಕ್ಕು, ಎಲಿವೇಷನ್ ಅಂದ್ರೆ ಎಷ್ಟು ಮೇಲಕ್ಕೆ, ಸ್ಕ್ಯೂ ಅಂದ್ರೆ ಎಲ್‌ಎನ್‌ಬಿ ಎಷ್ಟು ತಿರುಗಿಸ್ಬೇಕು. ಮೂರನ್ನೂ ಬರ್ಕೊಳ್ಳಿ.

ಈಗ ಡಿಶ್ ಇಡೋ ಜಾಗದಲ್ಲಿ ನಿಂತು ಆ ದಿಕ್ಕಿಗೆ ನೋಡಿ. ಮರ ಇದೆಯಾ, ಪಕ್ಕದ ಕಟ್ಟಡ ಇದೆಯಾ, ನೀರಿನ ಟ್ಯಾಂಕ್ ಇದೆಯಾ? ಒದ್ದೆ ಎಲೆ ಸಿಗ್ನಲ್‌ನ ನುಂಗತ್ತೆ, ಎಲೆ ಉದುರಿದ ಕಾಲದಲ್ಲಿ ಡಿಶ್ ಹಾಕಿ ಚಿಗುರಿದ ಮೇಲೆ ಸಿಗ್ನಲ್ ಹೋಯ್ತು ಅಂತ ಪರದಾಡ್ಬೇಡಿ, ಮರ ಬೆಳೆಯೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಒಂದು ಸುಲಭದ ಲೆಕ್ಕ ಇದೆ. ಎಲಿವೇಷನ್ 45 ಡಿಗ್ರಿ ಇದ್ರೆ, ಡಿಶ್ಶಿಗಿಂತ 10 ಮೀಟರ್ ಎತ್ತರ ಇರೋ ಕಟ್ಟಡ ಕಮ್ಮಿ ಅಂದ್ರೂ 10 ಮೀಟರ್ ದೂರ ಇರ್ಬೇಕು. 30 ಡಿಗ್ರಿ ಇದ್ರೆ ಸುಮಾರು 17 ಮೀಟರ್ ದೂರ ಬೇಕು. ಇದು ಅಂಚಿನ ಲೆಕ್ಕ, ಸ್ವಲ್ಪ ಜಾಸ್ತೀನೇ ಇಟ್ಕೊಳ್ಳಿ.

ದಿಕ್ಕು ಹುಡುಕೋಕೆ ಎಲ್ರೂ ಫೋನಿನ ದಿಕ್ಸೂಚಿ ಹಿಡ್ಕೊಂಡು ಹೋಗ್ತಾರೆ, ಕಬ್ಬಿಣದ ಪೈಪಿನ ಪಕ್ಕ, ಕಾಂಕ್ರೀಟ್ ಒಳಗಿನ ಸರಳಿನ ಮೇಲೆ ಅದು ಏನೇನೋ ತೋರ್ಸತ್ತೆ. ನನಗೆ ಯಾವತ್ತೂ ಕೈ ಕೊಡದ ಉಪಾಯ ಸೂರ್ಯ. ಸೂರ್ಯನ ಅಜಿಮತ್ ಲೆಕ್ಕ ಹಾಕೋ ಆಪ್‌ನಲ್ಲಿ, ಇವತ್ತು ಯಾವ ಹೊತ್ತಿಗೆ ಸೂರ್ಯ ನಿಮ್ಮ ಸ್ಯಾಟಲೈಟಿನ ದಿಕ್ಕಿಗೇ ಇರ್ತಾನೆ ಅಂತ ನೋಡ್ಕೊಳ್ಳಿ. ಆ ಹೊತ್ತಿಗೆ ಸರಿಯಾಗಿ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಡಿ, ದಾರದ ನೆರಳು ನೆಲದ ಮೇಲೆ ಬೀಳತ್ತಲ್ಲ, ಆ ಗೆರೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನೆರಳಿನ ಉಲ್ಟಾ ದಿಕ್ಕೇ ಸ್ಯಾಟಲೈಟ್ ಇರೋ ದಿಕ್ಕು. ಆ ಗೆರೆ ಮೇಲೆ ನಿಂತು ನೋಡಿದ್ರೆ ಅಡ್ಡ ಏನಿದೆ ಅಂತ ಕಣ್ಣಿಗೇ ಕಾಣತ್ತೆ. ನೆತ್ತಿಯ ಹತ್ತಿರ ಸೂರ್ಯ ಇರೋ ಹೊತ್ತಲ್ಲಿ ಮಾತ್ರ ಇದು ಅಷ್ಟು ಚೆನ್ನಾಗಿ ಆಗಲ್ಲ, ನೆರಳು ತೀರಾ ಗಿಡ್ಡ ಇರತ್ತೆ, ಇನ್ನು ನಿಮ್ಮ ಜಾಗದಲ್ಲಿ ಆ ದಿನ ಸೂರ್ಯ ಆ ದಿಕ್ಕಿಗೇ ಬರದಿದ್ರೆ ಬೇರೆ ಕಾಲಕ್ಕೆ ಕಾಯ್ಬೇಕು ಇಲ್ಲಾ ಮ್ಯಾಪ್ ಮೇಲೆ ಗೆರೆ ಎಳೆದು ದೂರದ ಒಂದು ಗುರುತು ಹಿಡಿದು ನೋಡ್ಬೇಕು.

ಕಾಣಲ್ಲ ಅಂತಾದ್ರೆ ಇಲ್ಲೇ ನಿಲ್ಸಿ. ಬೇರೆ ಜಾಗ ಹುಡುಕಿ, ಇಲ್ಲಾ ಬೇರೆ ಸ್ಯಾಟಲೈಟ್ ನೋಡಿ. ಒಂದು ರೂಪಾಯಿನೂ ಖರ್ಚಾಗಿಲ್ಲ ಇನ್ನೂ, ಅದೇ ಈ ಕ್ರಮದ ಲಾಭ. ಬಾಡಿಗೆ ಮನೆ, ಅಪಾರ್ಟ್‌ಮೆಂಟ್ ಆದ್ರೆ ಡಿಶ್ ಹಾಕೋಕೆ ಒಪ್ಪಿಗೆ ಕೇಳೋದೂ ಈಗ್ಲೇ.

ಸಿ ಬ್ಯಾಂಡಾ, ಕೆಯು ಬ್ಯಾಂಡಾ

ಚಾನೆಲ್ ಪಟ್ಟಿಯಲ್ಲಿ ಫ್ರೀಕ್ವೆನ್ಸಿ ನೋಡಿದ್ರೆ ಗೊತ್ತಾಗತ್ತೆ, 3 ಸಾವಿರ ಚಿಲ್ಲರೆ ಇಲ್ಲಾ 4 ಸಾವಿರದ ಆಸುಪಾಸು ಇದ್ರೆ ಸಿ ಬ್ಯಾಂಡ್, 10 ಸಾವಿರದ ಏಳುನೂರರಿಂದ 12 ಸಾವಿರದ ಏಳುನೂರೈವತ್ತರ ಒಳಗಿದ್ರೆ ಕೆಯು ಬ್ಯಾಂಡ್, ಎರಡೂ ಮೆಗಾಹರ್ಟ್ಜ್ ಲೆಕ್ಕ. ಸಿ ಬ್ಯಾಂಡ್‌ಗೆ ದೊಡ್ಡ ಡಿಶ್ ಬೇಕು, ಸಾಮಾನ್ಯವಾಗಿ 6 ಅಡಿಯಿಂದ 10 ಅಡಿ. ಮಳೆಗೆ ಅಷ್ಟಾಗಿ ಜಗ್ಗಲ್ಲ, ಒಂದು ಬೀಮ್ ಎಷ್ಟೋ ದೇಶಗಳನ್ನ ಮುಚ್ಚತ್ತೆ, ಅದು ಅದ್ರ ಚಂದ. ಕೆಯು ಬ್ಯಾಂಡ್ 60ರಿಂದ 90 ಸೆಂಟಿಮೀಟರ್‌ನಲ್ಲೇ ಆಗತ್ತೆ, ಆದ್ರೆ ಜೋರು ಮಳೆಲಿ ಸಿಗ್ನಲ್ ಕುಗ್ಗತ್ತೆ, ಯಾಕಂದ್ರೆ ಅಲೆ ಚಿಕ್ಕದಿದ್ದಷ್ಟು ಮಳೆಹನಿ ಅದನ್ನ ಜಾಸ್ತಿ ಹೀರ್ಕೊಳತ್ತೆ.

ಮೊದಲ ಸಲ ಅಂದ್ರೆ ಕೆಯು ಬ್ಯಾಂಡೇ ಸರಿ. ಸಿ ಬ್ಯಾಂಡ್ ಡಿಶ್ ಒಬ್ರೇ ಎತ್ತೋಕಾಗಲ್ಲ, ಗಾಳಿ ಹೊಡೆತ ಜಾಸ್ತಿ, ಅಡಿಪಾಯ ಬೇಕು. ಜೊತೆಗೆ ಸುಮಾರು ದೇಶಗಳಲ್ಲಿ ಸಿ ಬ್ಯಾಂಡಿನ ಒಂದು ಭಾಗ ಈಗ 5ಜಿ ಮೊಬೈಲ್‌ಗೆ ಹೋಗಿದೆ, ಅಮೆರಿಕದಲ್ಲಿ 3.7ರಿಂದ 3.98 ಗಿಗಾಹರ್ಟ್ಜ್ ಹಂಗೇ ಹೋಯ್ತು, ಟವರ್ ಹತ್ರ ಇದ್ರೆ ಎಲ್‌ಎನ್‌ಬಿಗೆ ಫಿಲ್ಟರ್ ಹಾಕ್ದೆ ಚಿತ್ರ ಬರಲ್ಲ. ನಿಮಗೆ ಬೇಕಾದ ಚಾನೆಲ್ ಸಿ ಬ್ಯಾಂಡ್‌ನಲ್ಲಿ ಮಾತ್ರ ಇದ್ರೆ ಬೇರೆ ದಾರಿ ಇಲ್ಲ, ಮಾಡಿ, ಆದ್ರೆ ಜಾಗ ಮತ್ತು ಜೊತೆಗೊಬ್ರು ಇರ್ಲಿ.

ಡಿಶ್ಶಿಗೆ ಕೈ ಬಿಚ್ಚಿ ಖರ್ಚು ಮಾಡಿ

ಸಿಸ್ಟಮ್‌ನಲ್ಲಿ ಎಲ್ಲಿ ದುಡ್ಡು ಹಾಕ್ಬೇಕು ಅಂತ ಕೇಳಿದ್ರೆ ಡಿಶ್ಶು, ಅದ್ರ ಕಂಬ, ಕೇಬಲ್ಲು. ಬಾಕ್ಸ್ ನಾಲ್ಕೈದು ವರ್ಷಕ್ಕೆ ಹಳೇದಾಗತ್ತೆ, ಡಿಶ್ ಹಾಗಲ್ಲ, ಒಳ್ಳೇದಾದ್ರೆ ಹತ್ತು ಹದಿನೈದು ವರ್ಷ ಇರತ್ತೆ. ಸಿಗ್ನಲ್ ಹಿಡಿಯೋದು ಡಿಶ್ ಒಂದೇ, ಅದು ಹಿಡೀದೆ ಬಿಟ್ಟಿದ್ದನ್ನ ಮುಂದೆ ಯಾವ ಬಾಕ್ಸೂ ಹುಟ್ಟಿಸೋಕಾಗಲ್ಲ.

ಲೆಕ್ಕಕ್ಕೆ 60 ಸೆಂಟಿಮೀಟರ್ ಸಾಕು ಅಂದ್ರೆ ನಾನು 75 ಇಲ್ಲಾ 80 ತಗೊಳ್ಳಿ ಅಂತೀನಿ. 60ರಿಂದ 90ಕ್ಕೆ ಹೋದ್ರೆ ಡಿಶ್ಶಿನ ವಿಸ್ತೀರ್ಣ 2.25 ಪಟ್ಟು ಆಗತ್ತೆ, ಅಷ್ಟು ಸಿಗ್ನಲ್ ಜಾಸ್ತಿ ಸೇರತ್ತೆ, ಮಳೆ ಬಂದಾಗ ಕಳ್ಕೊಳ್ಳೋಕೆ ನಿಮ್ಮ ಹತ್ರ ಉಳಿತಾಯ ಇರತ್ತೆ. ಹಾಗಂತ ಸುಮ್ನೆ ದೊಡ್ಡದು ತಗೊಂಡ್ರೂ ಕಷ್ಟ ಇದೆ, ಡಿಶ್ ದೊಡ್ಡದಾದಷ್ಟು ಅದ್ರ ನೋಟ ಸಣ್ಣ ಆಗತ್ತೆ. ಕೆಯು ಬ್ಯಾಂಡ್‌ನಲ್ಲಿ 60 ಸೆಂಟಿಮೀಟರಿನದು ಸುಮಾರು 3 ಡಿಗ್ರಿ ಅಗಲ ನೋಡತ್ತೆ, 90ರದ್ದು ಸುಮಾರು 2 ಡಿಗ್ರಿ, ಕೂರ್ಸೋವಾಗ ತಾಳ್ಮೆ ಜಾಸ್ತಿ ಬೇಕು. ಪಕ್ಕದ ಸ್ಯಾಟಲೈಟ್ 2 ಡಿಗ್ರಿ ದೂರದಲ್ಲೇ ಇದ್ರೆ ಈ ಸಣ್ಣ ನೋಟ ಒಳ್ಳೇದೇ, ಆ ಕಡೆಯ ಸಿಗ್ನಲ್ ಇದಕ್ಕೆ ಬೆರೆಯಲ್ಲ.

ಮನೆಗೆ ಹಾಕೋ ಕೆಯು ಡಿಶ್ ಹೆಚ್ಚುಕಮ್ಮಿ ಎಲ್ಲಾ ಆಫ್‌ಸೆಟ್ ಥರದವು, ಎಲ್‌ಎನ್‌ಬಿ ನಡುವೆ ಇರದೆ ಕೆಳಗಡೆಯಿಂದ ಚಾಚಿರೋ ಸರಳಿನ ಮೇಲೆ ಇರತ್ತೆ. ಇದ್ರಿಂದ ಡಿಶ್ ನೋಡೋಕೆ ನೆಟ್ಟಗೆ ನಿಂತಂಗೆ ಕಂಡ್ರೂ ಅದು ನೋಡ್ತಿರೋದು ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ. ಹೊಸಬ್ರು ಇಲ್ಲೇ ಎಡವೋದು, ಕಣ್ಣಳತೆಲಿ ಆಕಾಶಕ್ಕೆ ಮುಖ ಮಾಡಿ ಇಟ್ಬಿಡ್ತಾರೆ. ಹಿಂದಿನ ಬ್ರಾಕೆಟ್‌ನಲ್ಲಿ ಡಿಗ್ರಿ ಗೆರೆ ಹಾಕಿರ್ತಾರಲ್ಲ, ಅದ್ರಲ್ಲಿ ಈ ಲೆಕ್ಕ ಸೇರಿರತ್ತೆ, ಅದನ್ನೇ ನಂಬಿ. ಅಂಗಡಿಯಲ್ಲಿ ತಗೊಳ್ಳೋವಾಗ ಡಿಶ್ಶಿನ ಅಂಚಿಗೆ ಅಡ್ಡಡ್ಡ ಎರಡು ದಾರ ಎಳೆದು ನೋಡಿ, ನಡುವೆ ಎರಡೂ ಮುಟ್ಟಿದ್ರೆ ನೆಟ್ಟಗಿದೆ, ಮಧ್ಯ ಸಂದು ಬಿಟ್ರೆ ಡೊಂಕಾಗಿದೆ, ಬೇಡ ಅನ್ನಿ. ಸೆಕೆಂಡ್ ಹ್ಯಾಂಡ್ ಡಿಶ್‌ಗೆ ಇದು ಇನ್ನೂ ಮುಖ್ಯ. ಬಣ್ಣ ಹೋಗಿದ್ರೆ ಪರ್ವಾಗಿಲ್ಲ, ಆಕಾರ ಕೆಟ್ಟಿರ್ಬಾರ್ದು.

ಎಲ್‌ಎನ್‌ಬಿ

ಇದ್ರಲ್ಲಿ ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಬೇಡ, ನಿಮ್ಮ ಸ್ಯಾಟಲೈಟಿಗೆ ಹೊಂದೋದು ತಗೊಂಡ್ರೆ ಸಾಕು. ಯೂರೋಪ್, ಏಷ್ಯಾ, ಆಫ್ರಿಕಾ ಕಡೆಯ ಸುಮಾರು ಕೆಯು ಸ್ಯಾಟಲೈಟ್‌ಗಳಿಗೆ ಯೂನಿವರ್ಸಲ್ ಎಲ್‌ಎನ್‌ಬಿ ನಡೆಯತ್ತೆ, ಅದ್ರ ಮೇಲೆ 9750 ಮತ್ತು 10600 ಅಂತ ಬರೆದಿರತ್ತೆ. ಉತ್ತರ ಅಮೆರಿಕದ ಫ್ರೀ ಚಾನೆಲ್‌ಗಳಿಗೆ 10750ರದ್ದು, ಸಿ ಬ್ಯಾಂಡ್‌ಗೆ 5150. ಈ ನಂಬರನ್ನೇ ಬಾಕ್ಸ್‌ನ ಸೆಟ್ಟಿಂಗ್‌ನಲ್ಲೂ ಹಾಕ್ಬೇಕು, ತಪ್ಪಿದ್ರೆ ಡಿಶ್ ಎಷ್ಟು ಸರಿ ಇದ್ರೂ ಏನೂ ಬರಲ್ಲ. ಸಿಗ್ನಲ್ ಅಲೆ ಯಾವ ದಿಕ್ಕಿಗೆ ಆಡತ್ತೆ ಅನ್ನೋದಕ್ಕೆ ಪೋಲರೈಸೇಷನ್ ಅಂತಾರೆ, ಅಡ್ಡಡ್ಡ ಆದ್ರೆ ಹಾರಿಜಾಂಟಲ್, ಮೇಲೆ ಕೆಳಗೆ ಆದ್ರೆ ವರ್ಟಿಕಲ್. ಕೆಲವು ಸ್ಯಾಟಲೈಟ್ ವೃತ್ತಾಕಾರದ ಪೋಲರೈಸೇಷನ್‌ನಲ್ಲಿ ಕಳ್ಸತ್ತೆ, ಪಟ್ಟಿಯಲ್ಲಿ ಲೆಫ್ಟ್ ರೈಟ್ ಅಂತ ಇದ್ರೆ ಅದಕ್ಕೆ ಬೇರೆ ಎಲ್‌ಎನ್‌ಬಿ ಬೇಕು. ಡಬ್ಬದ ಮೇಲೆ 0.1 ಡಿಬಿ (ಎಲ್‌ಎನ್‌ಬಿ ತಾನೇ ಸಿಗ್ನಲ್‌ಗೆ ಸೇರ್ಸೋ ಗದ್ದಲದ ಲೆಕ್ಕ) ಅಂತ ದೊಡ್ಡದಾಗಿ ಬರೆದಿರೋದಕ್ಕೆ ಮರುಳಾಗ್ಬೇಡಿ, ಮುಚ್ಚಳ ಗಟ್ಟಿ ಇದೆಯಾ, ನೀರು ಒಳಗೆ ಹೋಗದಂಗೆ ಇದೆಯಾ ಅನ್ನೋದು ಅದಕ್ಕಿಂತ ದೊಡ್ಡ ವಿಷಯ.

ಎಲ್‌ಎನ್‌ಬಿ ಹೆಂಗೆ ಕೆಲಸ ಮಾಡತ್ತೆ ಅಂತ ಒಂದು ಸಾಲು ಗೊತ್ತಿದ್ರೆ ಮುಂದೆ ರಿಪೇರಿಗೆ ಸಹಾಯ. ಬಾಕ್ಸು ಅದೇ ಕೇಬಲ್ ಮೂಲಕ ಎಲ್‌ಎನ್‌ಬಿಗೆ ಕರೆಂಟ್ ಕಳ್ಸತ್ತೆ, 13 ವೋಲ್ಟ್ ಕಳಿಸಿದ್ರೆ ವರ್ಟಿಕಲ್ ಚಾನೆಲ್‌ಗಳು, 18 ಕಳಿಸಿದ್ರೆ ಹಾರಿಜಾಂಟಲ್. ಯೂನಿವರ್ಸಲ್‌ನಲ್ಲಿ ಇದ್ರ ಜೊತೆ 22 ಕಿಲೋಹರ್ಟ್ಜ್ ಟೋನ್ ಕಳಿಸಿದ್ರೆ 11700ರ ಮೇಲಿನ ಫ್ರೀಕ್ವೆನ್ಸಿಗೆ ಬದಲಾಗತ್ತೆ. ಹಾರಿಜಾಂಟಲ್ ಚಾನೆಲ್ ಮಾತ್ರ ಒಂದೂ ಬರ್ತಿಲ್ಲ ಅಂದ್ರೆ 18 ವೋಲ್ಟ್ ಮೇಲಕ್ಕೆ ಸರಿಯಾಗಿ ತಲುಪ್ತಿಲ್ಲ, ಕನೆಕ್ಟರ್ ಇಲ್ಲಾ ಕೇಬಲ್ ನೋಡಿ. 11700 ಮೇಲಿಂದು ಮಾತ್ರ ಬರ್ತಿಲ್ಲ ಅಂದ್ರೆ ಟೋನ್ ಸೆಟ್ಟಿಂಗ್ ನೋಡಿ. ಡಿಶ್ ಅಲ್ಲಾಡಿಸೋಕೆ ಹೋಗ್ಬೇಡಿ, ಅದ್ರ ತಪ್ಪಿಲ್ಲ.

ಕೇಬಲ್ ಮತ್ತು ಕನೆಕ್ಟರ್

ಆರ್‌ಜಿ 6, 75 ಓಮ್. ಒಳಗಿನ ತಂತಿ ಪೂರ್ತಿ ತಾಮ್ರದ್ದು ಕೇಳಿ ತಗೊಳ್ಳಿ, ಸುಮಾರು ಕೇಬಲ್‌ಗಳಲ್ಲಿ ಉಕ್ಕಿನ ತಂತಿಗೆ ತಾಮ್ರದ ಲೇಪನ ಇರತ್ತೆ, ಹತ್ತು ಹದಿನೈದು ಮೀಟರಿಗೆ ಅದೂ ನಡೆಯತ್ತೆ, ಉದ್ದ ಆದ್ರೆ ವೋಲ್ಟೇಜ್ ಇಳಿದು ಮೇಲೆ ಹೇಳಿದ ಹಾರಿಜಾಂಟಲ್ ತೊಂದ್ರೆ ಶುರುವಾಗತ್ತೆ. ಡಿಶ್‌ನಿಂದ ಬಾಕ್ಸ್‌ವರೆಗೂ ಒಂದೇ ತುಂಡು ಎಳೀರಿ, ನಡುವೆ ಜಾಯಿಂಟ್ ಬೇಡ. ಎಫ್ ಕನೆಕ್ಟರ್ ಹಾಕೋವಾಗ ಹೊರಗಿನ ಜಾಲರಿಯ ಒಂದು ಎಳೆ ಒಳಗಿನ ತಂತಿಗೆ ತಾಗಿದ್ರೂ ಶಾರ್ಟ್ ಆಗತ್ತೆ, ನಿಧಾನಕ್ಕೆ ನೋಡಿ ಮಾಡಿ. ಎಲ್‌ಎನ್‌ಬಿ ಕಡೆ ಕನೆಕ್ಟರ್‌ಗೆ ರಬ್ಬರ್ ಟೋಪಿ ಇಲ್ಲಾ ನೀರು ಹೋಗದ ಟೇಪ್. ಕೇಬಲ್ ಗೋಡೆ ಒಳಗೆ ಹೋಗೋ ಮುಂಚೆ ಕೆಳಗಡೆ ಒಂದು ಬಳ್ಳಿಯಂಗೆ ಇಳಿಬಿಡಿ, ಮಳೆ ನೀರು ಅಲ್ಲಿಂದ ತೊಟ್ಟಿಕ್ಕತ್ತೆ, ಕೇಬಲ್ ಹಿಡ್ಕೊಂಡು ಮನೆ ಒಳಗೆ ಬರಲ್ಲ.

ಕೇಬಲ್ ಬಿಚ್ಚೋವಾಗ ಹಾಕೋವಾಗ ಬಾಕ್ಸಿನ ಪ್ಲಗ್ಗೇ ಕಿತ್ತಿಡಿ. ರಿಮೋಟ್‌ನಲ್ಲಿ ಆಫ್ ಮಾಡಿದ್ರೆ ಸಾಲ್ದು, ಸ್ಟ್ಯಾಂಡ್‌ಬೈನಲ್ಲೂ ಕೆಲವು ಬಾಕ್ಸ್ ವೋಲ್ಟ್ ಕಳ್ಸ್ತಾನೇ ಇರ್ತಾವೆ.

ಕೊನೆಗೆ ಬಾಕ್ಸ್

ಮೊದ್ಲು ನಿಮ್ಮ ಟಿವಿ ಹಿಂದೆ ನೋಡಿ. ಈಗಿನ ಸುಮಾರು ಟಿವಿಗಳಲ್ಲಿ ಸ್ಯಾಟಲೈಟ್ ಟ್ಯೂನರ್ ಒಳಗೇ ಇರತ್ತೆ, ತಿರುಪು ಇರೋ ಎಫ್ ಸಾಕೆಟ್ ಇದ್ದು ಮೆನುವಿನಲ್ಲಿ ಸ್ಯಾಟಲೈಟ್ ಅಂತ ಇದ್ರೆ ಬಾಕ್ಸೇ ಬೇಡ.

ಬೇಕೇಬೇಕು ಅಂದ್ರೆ ಮೂರೇ ವಿಷಯ ಪಟ್ಟು ಹಿಡಿದು ಕೇಳಿ. ಡಿವಿಬಿ ಎಸ್2, ಅಂದ್ರೆ ಸ್ಯಾಟಲೈಟ್ ಸಿಗ್ನಲ್ ಕಳ್ಸೋ ಹೊಸ ವಿಧಾನ, ಇರ್ಬೇಕು, ಹಳೇ ಡಿವಿಬಿ ಎಸ್ ಮಾತ್ರ ಇರೋದು ಎಷ್ಟು ಅಗ್ಗ ಆದ್ರೂ ಬೇಡ. ಚಿತ್ರ ಕುಗ್ಗಿಸಿ ಕಳ್ಸೋ ವಿಧಾನಗಳಲ್ಲಿ ಎಂಪೆಗ್ 4 ಇರ್ಲೇಬೇಕು, ಅದಕ್ಕಿಂತ ಹೊಸದಾದ ಎಚ್‌ಇವಿಸಿ ಇದ್ರೆ ಇನ್ನೂ ಒಳ್ಳೇದು. ಬ್ಲೈಂಡ್ ಸ್ಕ್ಯಾನ್ ಇರ್ಬೇಕು, ಅಂದ್ರೆ ಫ್ರೀಕ್ವೆನ್ಸಿ ನಾವು ಹೇಳ್ದೆ ಇದ್ರೂ ತಾನೇ ಪೂರ್ತಿ ಹುಡುಕಿ ಬಂದ ಚಾನೆಲ್ ಎಲ್ಲಾ ಸೇರ್ಸತ್ತೆ. ಚಾನೆಲ್‌ಗಳು ಜಾಗ ಬದಲಾಯ್ಸ್ತಾನೇ ಇರ್ತಾವೆ, ಅದಕ್ಕೆ ಇದು ಬೇಕು. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, 2024ರ ಜನವರಿಯಲ್ಲಿ ಬಿಬಿಸಿ ಸ್ಯಾಟಲೈಟ್ ಮೇಲಿನ ಎಸ್‌ಡಿ (ಎಚ್‌ಡಿಗಿಂತ ಮುಂಚಿನ, ಕಮ್ಮಿ ಸ್ಪಷ್ಟತೆಯ) ಪ್ರಸಾರ ನಿಲ್ಸಿತು, ಎಚ್‌ಡಿ ಬರದ ಬಾಕ್ಸ್ ಇದ್ದವ್ರಿಗೆಲ್ಲ ಡಿಶ್ ಸರಿ ಇದ್ರೂ ಬಾಕ್ಸ್ ಬದಲಾಯ್ಸದೆ ದಾರಿ ಇರ್ಲಿಲ್ಲ. ಎಲ್ಲಾ ಕಡೆ ಗಾಳಿ ಬೀಸ್ತಿರೋದು ಅದೇ ದಿಕ್ಕಿಗೆ.

ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡೋದು, ಹಳೇ ಟಿವಿಗೆ ಎವಿ ಔಟ್‌ಪುಟ್, ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸೋಕೆ 12 ವೋಲ್ಟ್ ಅಡಾಪ್ಟರ್, ಇವೆಲ್ಲ ಇದ್ರೆ ಅನುಕೂಲ. ವೈಫೈ, ಯೂಟ್ಯೂಬ್ ಅಂತ ತೋರ್ಸಿ ಬೆಲೆ ಏರಿಸಿದ್ರೆ ಅದಕ್ಕೆ ನಾನು ಕೊಡಲ್ಲ, ಅದನ್ನ ಫೋನೇ ಚೆನ್ನಾಗಿ ಮಾಡತ್ತೆ.

ಎರಡು ಟಿವಿ ಇದ್ರೆ ಒಂದು ಕೇಬಲ್‌ನ ಸ್ಪ್ಲಿಟರ್ ಹಾಕಿ ಒಡೀಬೇಡಿ. ಒಂದು ಬಾಕ್ಸ್ 13 ವೋಲ್ಟ್ ಕೇಳತ್ತೆ ಇನ್ನೊಂದು 18 ಕೇಳತ್ತೆ, ಎಲ್‌ಎನ್‌ಬಿ ಯಾರ ಮಾತು ಕೇಳ್ಬೇಕು? ಅದಕ್ಕೆ ಟ್ವಿನ್ ಇಲ್ಲಾ ಕ್ವಾಡ್ ಎಲ್‌ಎನ್‌ಬಿ ಬರತ್ತೆ, ಒಂದೊಂದು ಟಿವಿಗೆ ಒಂದೊಂದು ಕೇಬಲ್. ಮುಂದೆ ಎರಡನೇ ಸ್ಯಾಟಲೈಟ್ ಬೇಕಾದ್ರೆ ಡೈಸೆಕ್ ಸ್ವಿಚ್ ಹಾಕ್ಬೋದು, 1.0ರದ್ದು ನಾಲ್ಕು ಎಲ್‌ಎನ್‌ಬಿವರೆಗೂ ಒಂದೇ ಕೇಬಲ್‌ನಲ್ಲಿ ತರತ್ತೆ. ಮೋಟರ್ ಇಟ್ಟು ಡಿಶ್ಶನ್ನೇ ತಿರುಗಿಸೋ ಸುಖ ಬೇರೇನೇ, ಆದ್ರೆ ಅದು ಮೊದಲ ವರ್ಷದ ಕೆಲಸ ಅಲ್ಲ.

ಕೂರ್ಸೋದು

ನೀವೇ ಕೂರ್ಸ್ಬೋದು, ಒಂದು ಬೆಳಗ್ಗೆ ಸಾಕು. ಆದ್ರೆ ಇಳಿಜಾರು ಚಾವಣಿ, ಅಂಚಿನ ಗೋಡೆ, ಹತ್ರದಲ್ಲಿ ಕರೆಂಟ್ ಲೈನ್ ಇದ್ರೆ ಗೊತ್ತಿರೋರನ್ನ ಕರೆಸಿ, ಇದ್ರಲ್ಲಿ ಧೈರ್ಯ ತೋರ್ಸೋ ಅಗತ್ಯ ಇಲ್ಲ. ಗುಡುಗು ಮಿಂಚಿನ ದಿನ ಮೇಲೆ ಹತ್ಲೇಬೇಡಿ, ಕಂಬಕ್ಕೆ ಅರ್ಥಿಂಗ್ ಕೊಡ್ಸಿ.

ಕಂಬ ನೂರಕ್ಕೆ ನೂರು ನೆಟ್ಟಗಿರ್ಬೇಕು. ರಸಮಟ್ಟ ಇಟ್ಟು ಎರಡು ಕಡೆಯಿಂದ ನೋಡಿ. ಕಂಬ ವಾಲಿದ್ರೆ ಬ್ರಾಕೆಟ್ ಮೇಲಿನ ಡಿಗ್ರಿ ಗೆರೆ ಸುಳ್ಳು ಹೇಳತ್ತೆ, ಆಮೇಲೆ ಇಡೀ ದಿನ ಹುಡುಕಿದ್ರೂ ಸಿಗಲ್ಲ. ಎಲಿವೇಷನ್ ಗೆರೆಗೆ ಇಟ್ಟು ಅರ್ಧ ಬಿಗಿ ಮಾಡಿ, ಎಲ್‌ಎನ್‌ಬಿ ಸ್ಕ್ಯೂ ತಿರುಗಿಸಿ, ಆಮೇಲೆ ಸೂರ್ಯನಿಂದ ಹಾಕಿದ ಗೆರೆಯ ಕಡೆ ಡಿಶ್ ತಿರುಗಿಸಿ. ಬಾಕ್ಸ್ ಮತ್ತು ಚಿಕ್ಕ ಟಿವಿ ಮೇಲಕ್ಕೇ ತಗೊಂಡು ಹೋಗಿ, ಕೆಳಗೊಬ್ರು ಬಂತು ಹೋಯ್ತು ಅಂತ ಕೂಗಿ ಹೇಳೋದಕ್ಕಿಂತ ಅದು ಎಷ್ಟೋ ವಾಸಿ.

ಬಾಕ್ಸ್‌ನಲ್ಲಿ ಎರಡು ಪಟ್ಟಿ ಕಾಣತ್ತೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ನಂಬ್ಬೇಡಿ, ಎಲ್‌ಎನ್‌ಬಿಗೆ ಕರೆಂಟ್ ಹೋದ್ರೆ ಸಾಕು ಡಿಶ್ ನೆಲಕ್ಕೆ ಮುಖ ಮಾಡಿದ್ರೂ ಅದು ಎಷ್ಟೋ ಒಂದು ತೋರ್ಸತ್ತೆ. ಕ್ವಾಲಿಟಿ ಒಂದೇ ನೋಡಿ. ನಿಮ್ಮ ಸ್ಯಾಟಲೈಟಿನ ಜೋರಾದ ಒಂದು ಟ್ರಾನ್ಸ್‌ಪಾಂಡರಿನ (ಒಂದು ಫ್ರೀಕ್ವೆನ್ಸಿಲಿ ಒಂದು ಗುಂಪು ಚಾನೆಲ್ ಕಳ್ಸೋ ಸ್ಯಾಟಲೈಟಿನ ಭಾಗ) ಫ್ರೀಕ್ವೆನ್ಸಿ, ಪೋಲರೈಸೇಷನ್, ಸಿಂಬಲ್ ರೇಟ್ (ಡೇಟಾ ಕಳ್ಸೋ ವೇಗ, ಚಾನೆಲ್ ಪಟ್ಟಿಲೇ ಇರತ್ತೆ) ಹಾಕಿಡಿ, ಆಮೇಲೆ ಡಿಶ್ಶನ್ನ ಕೂದಲೆಳೆಯಷ್ಟು ತಿರುಗಿಸಿ ಒಂದೆರಡು ಸೆಕೆಂಡ್ ನಿಲ್ಲಿ, ಮತ್ತೆ ತಿರುಗಿಸಿ. ಬಾಕ್ಸಿಗೆ ಸಿಗ್ನಲ್ ಹಿಡಿಯೋಕೆ ಅಷ್ಟು ಹೊತ್ತು ಬೇಕು, ಬೇಗ ಬೇಗ ತಿರುಗಿಸಿದ್ರೆ ದಾಟಿ ಹೋಗತ್ತೆ. 60 ಮಿಲಿಮೀಟರ್ ದಪ್ಪದ ಕಂಬದ ಮೇಲೆ 1 ಡಿಗ್ರಿ ಅಂದ್ರೆ ಅರ್ಧ ಮಿಲಿಮೀಟರ್ ಅಷ್ಟೇ, ಆದ್ರೆ ಮೇಲೆ ಆ ಸ್ಯಾಟಲೈಟ್‌ಗಳ ಸಾಲಲ್ಲಿ ಅದೇ 1 ಡಿಗ್ರಿ ನೂರಾರು ಕಿಲೋಮೀಟರ್. ಕಂಬಕ್ಕೆ ಪೆನ್ಸಿಲ್‌ನಲ್ಲಿ ಗೀಟು ಹಾಕ್ಕೊಂಡು ಹೋದ್ರೆ ಎಲ್ಲಿವರೆಗೂ ಹುಡುಕಿದ್ರಿ ಅಂತ ಗೊತ್ತಿರತ್ತೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದ್ರೂ ಸಿಗ್ಲಿಲ್ಲ ಅಂದ್ರೆ ಎಲಿವೇಷನ್ 1 ಡಿಗ್ರಿ ಏರಿಸಿ ಮತ್ತೆ ಅದೇ ಥರ, ಆಮೇಲೆ 1 ಡಿಗ್ರಿ ಇಳಿಸಿ.

ಕ್ವಾಲಿಟಿ ಏರಿದ ತಕ್ಷಣ ಖುಷಿಲಿ ಬಿಗಿ ಮಾಡ್ಬೇಡಿ. ಮೊದ್ಲು ಸ್ಕ್ಯಾನ್ ಮಾಡಿ ಚಾನೆಲ್ ಹೆಸರು ನೋಡಿ, ಪಕ್ಕದ ಸ್ಯಾಟಲೈಟ್ ಸಿಕ್ಕಿರೋದೂ ಉಂಟು. ಸರಿಯಾದ್ದೇ ಅಂತ ಖಾತ್ರಿ ಆದ್ಮೇಲೆ ಎಡಕ್ಕೆ ಕ್ವಾಲಿಟಿ ಬೀಳೋವರೆಗೂ ಹೋಗಿ ಗುರುತು, ಬಲಕ್ಕೆ ಬೀಳೋವರೆಗೂ ಹೋಗಿ ಗುರುತು, ಎರಡರ ನಡುವೆ ನಿಲ್ಸಿ. ಮೇಲೆ ಕೆಳಗೆ ಕೂಡ ಹಂಗೇ. ಸ್ಕ್ಯೂ ಕೊನೆಗೆ. ನಟ್ಟುಗಳನ್ನ ಒಂದೊಂದಾಗಿ ಪೂರ್ತಿ ಬಿಗಿ ಮಾಡ್ದೆ ಎಲ್ಲಾನೂ ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ಬನ್ನಿ, ಕ್ವಾಲಿಟಿ ಮೇಲೆ ಒಂದು ಕಣ್ಣಿರ್ಲಿ, ಬಿಗಿ ಮಾಡೋ ಭರದಲ್ಲೇ ಡಿಶ್ ಜರುಗಿ ಹೋಗತ್ತೆ.

ಎಲ್ಲಾ ಆದ್ಮೇಲೆ ಒಳಗೆ ಬಂದು ನಾಲ್ಕೈದು ಟ್ರಾನ್ಸ್‌ಪಾಂಡರಿನ ಕ್ವಾಲಿಟಿ ಎಷ್ಟು ಬರ್ತಿದೆ ಅಂತ ಒಂದು ಚೀಟಿಲಿ ಬರೆದು, ತಾರೀಖು ಹಾಕಿ, ಬಾಕ್ಸಿನ ಕೆಳಗೆ ಅಂಟಿಸಿ. ಅಜಿಮತ್, ಎಲಿವೇಷನ್, ಸ್ಕ್ಯೂ ಕೂಡ ಅದ್ರಲ್ಲೇ ಇರ್ಲಿ. ಮುಂದೆ ಚಿತ್ರ ಒಡೆದ್ರೆ ಅದಕ್ಕೆ ಹೋಲಿಸಿ ನೋಡಿ. ಎಲ್ಲಾದ್ರಲ್ಲೂ ಸಮ ಕಮ್ಮಿಯಾಗಿದ್ರೆ ಡಿಶ್ ಜರುಗಿದೆ ಇಲ್ಲಾ ಮರ ಬೆಳೆದಿದೆ, ಕೆಲವು ಮಾತ್ರ ಹೋಗಿದ್ರೆ ಕೇಬಲ್ಲು ಎಲ್‌ಎನ್‌ಬಿ ಕಡೆ ನೋಡಿ, ಒಂದೇ ಒಂದು ಹೋಗಿದ್ರೆ ಚಾನೆಲ್‌ನವ್ರೇ ಜಾಗ ಬದಲಾಯ್ಸಿದಾರೆ, ಬ್ಲೈಂಡ್ ಸ್ಕ್ಯಾನ್ ಹೊಡೀರಿ. ಇನ್ನು ಫೆಬ್ರವರಿ ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕೆಲವು ದಿನ ಒಂದೇ ಹೊತ್ತಿಗೆ ಸರಿಯಾಗಿ ಕೆಲವು ನಿಮಿಷ ಎಲ್ಲಾ ಹೋಗಿ ತಾನೇ ವಾಪಸ್ ಬಂದ್ರೆ ಮೇಲೆ ಹತ್ಬೇಡಿ, ಸೂರ್ಯ ಸ್ಯಾಟಲೈಟಿನ ಹಿಂದೆ ಬಂದಿರ್ತಾನೆ, ಡಿಶ್ಶಿನ ಮೇಲೆ ಎಲ್‌ಎನ್‌ಬಿ ನೆರಳು ಎಲ್ಲಿ ಬಿದ್ದಿದೆ ಅಂತ ಆಗ ಹೋಗಿ ನೋಡಿದ್ರೆ ನಿಮ್ಮ ಡಿಶ್ ಎಷ್ಟು ಸರಿಯಾಗಿ ಕೂತಿದೆ ಅನ್ನೋದೂ ಗೊತ್ತಾಗತ್ತೆ.